ರೇಡಿಯೋಗೆ ಪಟ್ಟಿ ಬಂದದ್ದು

ಸರಬರಾಜು ದಳದ ಆ ಉದ್ದನೆಯ ಕೋಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಬೆಳಗಿನ ಹಾಜರಿ ಕೂಗುವ ಹವಾಲ್ದಾರ ಒಬ್ಬನೇ. ಉಳಿದವರಿಗೆಲ್ಲ ಅವನು ರೇಡಿಯೋ. ಕಿವಿ ತಿರುಚಿದರೆ ಸಾಕು, ಯಾವ ಸ್ಟೇಷನ್ ಬೇಕಾದರೂ ಹತ್ತುತ್ತದೆ ಎಂದು ಪಕ್ಕದ ಮಂಚದ ಪೈಲ್ವಾನ ಇಟ್ಟ ಹೆಸರದು. ಹವಾಲ್ದಾರನ ಕೆಮ್ಮು, ಕ್ಯಾಪ್ಟನ್ ಸಾಹೇಬರ ಮೂಗಿನ ಮಾತು, ಅಡುಗೆಯವನು ಬೈಯುತ್ತ ಬೈಯುತ್ತ ಸೌಟು ಬಡಿಯುವ ಸದ್ದು, ಎಲ್ಲವೂ ಅವನ ಗಂಟಲಲ್ಲಿ ಇದ್ದವು. ಅವನು ಶುರು ಮಾಡಿದರೆ ಪೈಲ್ವಾನ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಉರುಳಾಡುತ್ತಿದ್ದ. ಆ ದೇಹ ಉರುಳಿದರೆ ಕಬ್ಬಿಣದ ಮಂಚವೂ ಕಿರ್ರೋ ಎಂದು ನಗುತ್ತಿತ್ತು.

ಈ ವಿದ್ಯೆ ಅವನಿಗೆ ಮನೆಯಿಂದ ಬಂದದ್ದು. ಅಪ್ಪ ಬಸ್ ಕಂಡಕ್ಟರ್. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಎನ್ನುತ್ತ ಮಕ್ಕಳನ್ನು ಊಟಕ್ಕೆ ತಳ್ಳುವ ಮನುಷ್ಯ. ಅಪ್ಪ ತೀರಿಕೊಂಡ ಮೇಲೆ ರೇಡಿಯೋ ರಜೆಗೆ ಹೋದಾಗಲೆಲ್ಲ ಅಕ್ಕ ಒಂದೇ ಹಟ ಹಿಡಿಯುತ್ತಿದ್ದಳು: "ಅಪ್ಪನ ಹಾಗೆ ಮಾತಾಡೋ." ಅವನು ಮಾತಾಡುತ್ತಿದ್ದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಸೈನ್ಯಕ್ಕೆ ಅವನ ಜೊತೆಯಲ್ಲೇ ಸೇರಿದವನು ಗಡಿಯಾರ. ಕಹಳೆ ಊದುವವನೇ ಇನ್ನೂ ಆಕಳಿಸುತ್ತಿರುವಾಗ ಎದ್ದು ಹಾಸಿಗೆ ಮಡಚಿಟ್ಟು ಕೂರುವವನಿಗೆ ಬೇರೆ ಹೆಸರು ಹೇಗೆ ಬಂದೀತು? ಬೂಟಿನ ದಾರ, ಲಾರಿಯ ಹಗ್ಗ, ಮಾತು, ಎಲ್ಲವನ್ನೂ ಬಿಗಿಯಾಗಿ ಕಟ್ಟುವ ಆಸಾಮಿ. ಅವನಿಗೆ ಹೆಂಡತಿ, ಮಾತು ಕಲಿಯುತ್ತಿದ್ದ ಮಗಳು ಇದ್ದರು. ಅವರಿಬ್ಬರೂ ದೂರದ ಊರಲ್ಲಿ ಅವನ ಭಾವನ ಮನೆಯ ಹಜಾರದಲ್ಲಿ ಹಾಸಿಗೆ ಹಾಸಿಕೊಂಡು ದಿನ ದೂಡುತ್ತಿದ್ದರು. ತೋಳಿಗೆ ಒಂದು ಬಡ್ತಿಯ ಪಟ್ಟಿ ಬಿದ್ದರೆ ಶಿಬಿರದೊಳಗೆ ಮನೆ ಕೊಡುತ್ತಾರೆ. ಗಡಿಯಾರನಿಗೆ ಬೇಕಿದ್ದದ್ದು ಅಷ್ಟೇ.

ತುಕಡಿಯ ಮುಖಂಡನಿಗೆ ಬೇರೆ ಕಡೆ ವರ್ಗವಾಗಿ ಒಂದು ಪಟ್ಟಿ ಖಾಲಿ ಬಿತ್ತು. ಕ್ಯಾಪ್ಟನ್ ಸಾಹೇಬರು ಇಬ್ಬರನ್ನು ಕರೆಸಿದರು. ಮೊದಲು ರೇಡಿಯೋನನ್ನು. ಕೆಲಸದಲ್ಲಿ ಅವನೂ ಯಾರಿಗೂ ಕಡಿಮೆ ಇರಲಿಲ್ಲ.

"ನಿನ್ನನ್ನ ಮುಖಂಡ ಮಾಡಿದ್ರೆ ಹುಡುಗರು ಮಾತು ಕೇಳ್ತಾರಾ?"

"ಕೇಳ್ತಾರೆ ಸಾರ್. ಆದ್ರೆ ನಾನು ಆರ್ಡರ್ ಕೊಟ್ಟ ತಕ್ಷಣ ನನಗೇ ನಗು ಬರುತ್ತೆ ಸಾರ್."

ಸಾಹೇಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಹೋಗು, ಅವನನ್ನ ಕಳಿಸು" ಎಂದರು. ಗಡಿಯಾರ ಒಳಗೆ ಹೋಗಿ ಪಟ್ಟಿ ತೆಗೆದುಕೊಂಡು ಹೊರಗೆ ಬಂದ.

ಕೋಣೆಯವರೆಲ್ಲ ಇದನ್ನು ತ್ಯಾಗ ಎಂದರು. ಗಡಿಯಾರನ ಹೆಂಡತಿ, ರೇಡಿಯೋಗೆ ಅತ್ತಿಗೆ, ಮಗಳನ್ನು ಎತ್ತಿಕೊಂಡು ಶಿಬಿರಕ್ಕೆ ಬಂದಿಳಿದ ದಿನ, "ನಿಮ್ಮಿಂದ ನಮಗೊಂದು ಮನೆ ಆಯ್ತು" ಎಂದು ರೇಡಿಯೋನ ಎದುರು ಕೈ ಮುಗಿಯಲು ಹೊರಟಳು. ಅವನು ಮಗುವನ್ನು ಎತ್ತಿಕೊಂಡು ನಾಯಿಯ ಥರ ಕೂಗಿ ನಗಿಸಿದ. ಗಡಿಯಾರನ ಮೇಲೆ ಅವನಿಗೆ ಪ್ರೀತಿ ಇದ್ದದ್ದು ನಿಜ. ಆದರೆ ಪಟ್ಟಿ ಬಿದ್ದವನು ಕೋಣೆ ಬಿಡಬೇಕು, ಜೊತೆಯವರ ಮೇಲೆ ವರದಿ ಬರೆಯಬೇಕು, ಆಮೇಲೆ ಅವನೆದುರು ಯಾರೂ ಹೊಟ್ಟೆ ತುಂಬ ನಗುವುದಿಲ್ಲ. ಆ ದಿಗಿಲೂ ಅಷ್ಟೇ ನಿಜವಾಗಿತ್ತು.

ಗಡಿಯಾರ ಮುಖಂಡನಾದ ಮೇಲೆ ಇನ್ನಷ್ಟು ಬಿಗಿಯಾದ. ದನಿ ತೆಳು, ಜೋರು ಮಾಡಿದರೆ ಕೊನೆಯಲ್ಲಿ ಸೀಳುತ್ತಿತ್ತು. ಯಾರಾದರೂ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತರೆ ಅವನಿಗೆ ಮೈ ಉರಿಯುತ್ತಿತ್ತು. "ಕೈ ತೆಗಿ! ಕೈ ತೆಗೀ ಅಂದೆ!" ಎಂದು ಗೋದಾಮಿನ ಆ ತುದಿಯಿಂದ ಚೀರುತ್ತಿದ್ದ. ಇಂಥ ತಯಾರು ಮಾಲು ಸಿಕ್ಕರೆ ರೇಡಿಯೋ ಬಿಟ್ಟಾನೆಯೇ? ಲಾರಿಗಳ ಸಂದಿಯಲ್ಲಿ ಅವಿತುಕೊಂಡು ಅದೇ ತೆಳು ದನಿ, ಅದೇ ಸೀಳು ತೆಗೆದು "ಕೈ ತೆಗಿ!" ಎಂದರೆ ಮೂಟೆ ಹೊತ್ತವರೂ ಬೆಚ್ಚಿ ಬೀಳುತ್ತಿದ್ದರು. ಆಮೇಲೆ ಬೈಗುಳ, ಆಮೇಲೆ ನಗು. ಪೈಲ್ವಾನನಂತೂ ಪಳಗಿಬಿಟ್ಟಿದ್ದ. ದನಿ ಕೇಳಿದರೆ ತಿರುಗಿ ಕೂಡ ನೋಡದೆ ಬೆನ್ನ ಹಿಂದಿನಿಂದಲೇ ಹೆಬ್ಬೆರಳು ಆಡಿಸುತ್ತಿದ್ದ.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗಡಿಯಾರ ಬಂದು ನಿಂತ.

"ನನ್ನ ಎದುರಿಗೆ ಮಾಡೋ, ನಾನೂ ನಗ್ತೀನಿ. ಬೆನ್ನ ಹಿಂದೆ ಬೇಡ. ಹೊಸಬರು ನನ್ನನ್ನ ಲೆಕ್ಕಕ್ಕೇ ಇಟ್ಕೊಳ್ತಿಲ್ಲ."

"ಅಯ್ಯೋ, ಆಯ್ತು ಬಿಡೋ, ಇಷ್ಟಕ್ಕೆಲ್ಲಾ ಮುಖ ಯಾಕೆ ಊದಿಸ್ಕೊಳ್ತೀಯ?" ಎಂದು ರೇಡಿಯೋ ಸೋಪಿನ ಕೈಯಲ್ಲೇ ಅವನ ಬೆನ್ನು ತಟ್ಟಿದ. ಕೆಲವು ದಿನ ಬಾಯಿಗೆ ಬೀಗ ಹಾಕಿಕೊಂಡೂ ಇದ್ದ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಕೆಲಸ ಸಾಗದೆ ಎಲ್ಲರೂ ಸೋತು ಕೂತಾಗ ಪೈಲ್ವಾನ "ಸ್ವಲ್ಪ ಹಚ್ಚೋ ರೇಡಿಯೋನ" ಎಂದು ಕಿವಿ ಹಿಂಡಿದರೆ ಹೇಗೆ ತಾನೆ ಸುಮ್ಮನಿರುವುದು? ಮತ್ತೆ ಶುರುವಾಯಿತು.

ಆ ದಿನ ಎಣ್ಣೆ ಡ್ರಮ್ಮುಗಳ ಲಾರಿ ಬಂದಿತ್ತು. ಗೋದಾಮಿನ ಮುಂದೆ ಎದೆಮಟ್ಟದ ಸಿಮೆಂಟು ಕಟ್ಟೆ. ಲಾರಿಗಳು ಹಿಮ್ಮುಖವಾಗಿ ಬಂದು ಅದಕ್ಕೆ ಹಿಂಬದಿ ಆನಿಸಿ ನಿಲ್ಲುತ್ತವೆ. ಲಾರಿ ಇನ್ನೂ ಕಟ್ಟೆಗೆ ತಾಗಿರಲಿಲ್ಲ, ನಡುವೆ ಒಂದು ಸಂದು ಉಳಿದಿತ್ತು. ಡ್ರೈವರು ಬ್ರೇಕ್ ಎಳೆದು ಕೆಳಗಿಳಿದಿದ್ದ. ಪೈಲ್ವಾನ ಆ ಸಂದಿನ ಪಕ್ಕ ನಿಂತು ಕಟ್ಟೆಯ ಅಂಚಿನ ಮೇಲೆ ಬಲಗೈ ಊರಿಕೊಂಡು, ಲಾರಿಯ ಮೇಲಿದ್ದ ರೇಡಿಯೋನ ಜೊತೆ ಏನೋ ಹರಟುತ್ತಿದ್ದ. ಗಡಿಯಾರ ಇದ್ದದ್ದು ಲಾರಿಯ ಮುಂದೆ. ಚಕ್ರಕ್ಕೆ ಕೊಟ್ಟಿದ್ದ ಮರದ ತುಂಡು ಜಾರಿದ್ದು ಕಂಡದ್ದು ಅವನೊಬ್ಬನಿಗೇ.

"ಕೈ ತೆಗಿ! ಕೈ ತೆಗೀ ಅಂದೆ!"

ಆ ಹೊತ್ತಿಗೆ ರೇಡಿಯೋ ಡ್ರಮ್ಮು ಉರುಳಿಸಲು ಒಳಕ್ಕೆ ತಿರುಗಿದ್ದ. ಪೈಲ್ವಾನನಿಗೆ ಅವನ ಮುಖ ಕಾಣುತ್ತಿರಲಿಲ್ಲ. ಪೈಲ್ವಾನ ನಕ್ಕ. ಎಡಗೈ ಎತ್ತಿ ಹೆಬ್ಬೆರಳು ಆಡಿಸಿದ. ಬಲಗೈ ಇದ್ದಲ್ಲೇ ಇತ್ತು.

ರೇಡಿಯೋ ತಿರುಗಿ ನೋಡುವಷ್ಟರಲ್ಲಿ ಲಾರಿ ಕಟ್ಟೆಗೆ ತಾಗಿ ನಿಂತಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಪೈಲ್ವಾನನ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. ಅವನು ತನ್ನ ತೋಳನ್ನೇ ನೋಡುತ್ತಿದ್ದ, ಬೇರೆ ಯಾರದೋ ಎನ್ನುವ ಹಾಗೆ. ಎಲ್ಲರೂ ಸೇರಿ ಲಾರಿಯನ್ನು ಮುಂದಕ್ಕೆ ತಳ್ಳಿದರು. ರೇಡಿಯೋನೂ ತಳ್ಳಿದ. ಆ ಗಳಿಗೆಯಿಂದ ಅವನ ಒಳಗೆ ಏನೋ ಮರಗಟ್ಟಿತು, ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಮರಗಟ್ಟುವ ಹಾಗೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ.

ಪೈಲ್ವಾನನ ನಾಲ್ಕು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಹೆಬ್ಬೆರಳು ಉಳಿಯಿತು. ನೋಡಲು ಹೋದ ರೇಡಿಯೋನ ಹತ್ತಿರ ಅವನು ಹೇಳಿದ್ದು ಒಂದೇ ಮಾತು: "ನೀನೇ ಕೂಗಿದ್ದು ಅಂದ್ಕೊಂಡೆ ಕಣೋ."

ವಿಚಾರಣೆಗೆ ಬೇರೆ ದಳದಿಂದ ಒಬ್ಬ ಮೇಜರ್ ಬಂದರು. ಪೈಲ್ವಾನ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದು, "ನನಗೆ ಯಾರು ಕೂಗಿದ್ದೂ ಕೇಳಿಸಲಿಲ್ಲ ಸಾರ್" ಎಂದು ಹೇಳಿ ಹೋದ. "ನಾನು ಕೂಗಿದೆ ಸಾರ್" ಎಂದ ಗಡಿಯಾರ. ಆಮೇಲೆ ರೇಡಿಯೋನ ಸರದಿ.

"ಅವನು ಕೂಗಿದ್ದು ನಿಜ ಸಾರ್. ನನಗೆ ಕೇಳಿಸ್ತು."

"ಹಾಗಾದ್ರೆ ಅವನು ಕೈ ಯಾಕೆ ತೆಗೀಲಿಲ್ಲ?"

"ಅದು ನನ್ನ ದನಿ ಅಂದ್ಕೊಂಡ ಸಾರ್. ನಾನು ದಿನಾ ಹಾಗೇ ಕೂಗ್ತಿದ್ದೆ. ತಮಾಷೆಗೆ."

ಮೇಜರ್ ಪೆನ್ನು ಕೆಳಗಿಟ್ಟರು. "ನಿನ್ನ ವಿಷಯ ನನಗೆ ಹೇಳಿದ್ದಾರೆ. ಇಲ್ಲೂ ತಮಾಷೇನಾ?"

"ಅಲ್ಲ ಸಾರ್."

"ಸರಿ. ಆ ದನಿ ಮಾಡು, ನೋಡೋಣ."

ರೇಡಿಯೋ ಎದ್ದು ನಿಂತ. ಗಡಿಯಾರ ಪಕ್ಕದ ಬೆಂಚಿನ ಮೇಲೆ ನೇರ ಕೂತು ಗೋಡೆ ನೋಡುತ್ತಿದ್ದ. ರೇಡಿಯೋ ಬಾಯಿ ತೆರೆದ. "ಕೈ ತೆಗಿ" ಎಂದ. ಬಂದದ್ದು ಅವನದೇ ದಪ್ಪ ದನಿ. ಇನ್ನೊಮ್ಮೆ ಅಂದ. ಬಸ್ಸಿನಲ್ಲಿ ಪಕ್ಕದವನನ್ನು ಸರಿಯಲು ಹೇಳುವ ಹಾಗೆ ಬಂತು. ಎಲ್ಲಿ ಹುಡುಕಿದರೂ ಆ ತೆಳು ದನಿ ಇರಲಿಲ್ಲ.

"ಗೆಳೆಯನನ್ನ ಉಳಿಸ್ಬೇಕು ಅನ್ನೋದು ಒಳ್ಳೇದೇ. ಅದಕ್ಕೆ ಸುಳ್ಳು ಹೇಳ್ಬಾರ್ದು" ಎಂದರು ಮೇಜರ್, ಸಿಟ್ಟಿಲ್ಲದೆ. "ಹೊರಗೆ ಹೋಗು."

ತುಕಡಿಯ ಮುಖಂಡ ಎಚ್ಚರ ವಹಿಸಲಿಲ್ಲ ಎಂದು ತೀರ್ಮಾನವಾಯಿತು. ಗಡಿಯಾರನ ಪಟ್ಟಿ ಹೋಯಿತು. ಪಟ್ಟಿ ಹೋದರೆ ಮನೆಯೂ ಹೋದ ಹಾಗೆ. ಅತ್ತಿಗೆ ಹೊರಡುವ ದಿನ ರೇಡಿಯೋ ಟ್ರಂಕು ಹೊತ್ತು ಗೇಟಿನವರೆಗೆ ಬಂದ. "ಮಾಮ, ನಾಯಿ ಥರ ಕೂಗು" ಎಂದು ಮಗು ಅವನ ಪ್ಯಾಂಟು ಜಗ್ಗಿತು. ಅವನು ಟ್ರಂಕನ್ನು ಭುಜದ ಮೇಲೆ ಸರಿಮಾಡಿಕೊಂಡ. ಅತ್ತಿಗೆ ಮಗುವಿನ ಕೈ ಬಿಡಿಸಿ, "ಮಾಮಂಗೆ ಭಾರ ಇದೆ, ಸುಮ್ನಿರು" ಎಂದಳು. ಅವಳಿಗೆ ಯಾವುದೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಗೆ ಅಂದಳೋ. ಬಸ್ಸು ಹತ್ತುವಾಗ ಮಾತ್ರ ಈ ಸಲ ಅವಳು ಕೈ ಮುಗಿಯಲಿಲ್ಲ.

ಮುಖಂಡನ ಜಾಗ ಮತ್ತೆ ಖಾಲಿ. ಕ್ಯಾಪ್ಟನ್ ಸಾಹೇಬರ ಮನಸ್ಸಲ್ಲಿ ಯಾರಿದ್ದಾರೆಂದು ಇಡೀ ಕೋಣೆಗೆ ಗೊತ್ತಿತ್ತು. ರೇಡಿಯೋ ಬೇಡವೆನ್ನಲು ಗಟ್ಟಿ ಮನಸ್ಸು ಮಾಡಿದ್ದ. ಲಾರಿ ತೊಳೆಯುವಾಗ ಗಡಿಯಾರನೇ ಮಾತು ತೆಗೆದ.

"ಕರೆದ್ರೆ ತಗೋ."

"ನಿನ್ನ ಪಟ್ಟಿ ನಾನು ಹಾಕ್ಕೊಳ್ಳಾ?"

"ನೀನು ಬೇಡ ಅಂದ್ರೆ ಹೊರಗಿನವನನ್ನ ತಂದು ಕೂರಿಸ್ತಾರೆ. ಅವನು ಎಂಥವನೋ ಏನೋ. ಹುಡುಗರಿಗೆ ಕಷ್ಟ."

ರೇಡಿಯೋ ಚಿಂದಿಯನ್ನು ನೀರಲ್ಲಿ ಅದ್ದಿ ಹಿಂಡಿದ. ಮತ್ತೆ ಅದ್ದಿದ. "ಒಂದು ಸಲ ಬಾಯ್ತುಂಬಾ ಬೈದ್ಬಿಡೋ ನನ್ನ."

"ಬೈದ್ರೆ ಏನಾಗುತ್ತೆ? ಆ ಬಕೆಟ್ ಈ ಕಡೆ ಕೊಡು."

ಕೊಟ್ಟ. ಇಬ್ಬರೂ ಲಾರಿಯ ಎರಡು ಬದಿಗೆ ಹೋಗಿ ತೊಳೆದರು.

"ಈ ಸಲ ಜೋಕು ಬೇಡ" ಎಂದರು ಕ್ಯಾಪ್ಟನ್ ಸಾಹೇಬರು.

"ಇಲ್ಲ ಸಾರ್" ಎಂದ ರೇಡಿಯೋ. ಅಲ್ಲಿಗೆ ಮುಗಿಯಿತು. ಶಿಬಿರದ ಗೇಟಿನ ಹೊರಗಿನ ದರ್ಜಿ ಅವನ ಅಂಗಿಯ ತೋಳಿಗೆ ಪಟ್ಟಿ ಹೊಲಿಯುತ್ತ, "ಏನ್ ಸ್ವಾಮಿ, ಸಿಹಿ ಇಲ್ವಾ? ಪಟ್ಟಿ ಬಂದ್ರೆ ಎಲ್ರಿಗೂ ಮೂಗು ಮೇಲೆ ಹೋಗುತ್ತೆ, ನಿಮಗೆ ಕೆಳಗೆ ಬಂದಿದೆ" ಎಂದು ನಕ್ಕ. ಹಿಂದೆ ಆಗಿದ್ದರೆ ಇದಕ್ಕೆ ಹತ್ತು ಉತ್ತರ ಬಾಯಿಗೆ ಬರುತ್ತಿದ್ದವು. ಈಗ ಹೊಲಿಗೆಯ ಕಾಸು ಎಣಿಸಿ ಕೊಟ್ಟ. ಅಂಗಿ ಮಡಚಿಕೊಂಡು ಬಂದ.

ಅವನು ಒಳ್ಳೆಯ ಮುಖಂಡನೇ ಆದ. ಲಾರಿ ಕಟ್ಟೆಗೆ ತಾಗಿ ನಿಲ್ಲುವವರೆಗೆ ಸುತ್ತಮುತ್ತ ಒಂದು ನರಪಿಳ್ಳೆಯೂ ಸುಳಿಯುವಂತಿರಲಿಲ್ಲ. ಏನೇ ಹೇಳಬೇಕಿದ್ದರೂ ಕೂಗದೆ, ಹತ್ತಿರ ಹೋಗಿ ತೋಳು ಮುಟ್ಟಿ ಹೇಳುತ್ತಿದ್ದ. ಏರಿಳಿತವಿಲ್ಲದ ದನಿ, ಅಣಕಿಸಲು ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ಒಂದು ಸಂಜೆ ಹಳೆಯ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ಯಾರೋ ಹೊಸಬ ಹವಾಲ್ದಾರನ ಕೆಮ್ಮು ಕೆಮ್ಮುತ್ತಿದ್ದ. ನಗು ಉಕ್ಕುತ್ತಿತ್ತು. ಇವನ ಬೂಟು ಕಂಡದ್ದೇ ತಡ, ಎಲ್ಲರೂ ಎದ್ದು ನಿಂತರು. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದ. ಯಾರೂ ಕೂರಲಿಲ್ಲ. ಆ ಹೊಸಬ ಮಾಡಿದ ಕೆಮ್ಮು ಸ್ವಲ್ಪ ಎದೆಯಿಂದ ಬರಬೇಕಿತ್ತು ಎಂದು ರೇಡಿಯೋನ ತಲೆಯಲ್ಲಿ ಹೊಳೆಯಿತು. ಬಂದ ಕೆಲಸವೇನೆಂದು ತಿಳಿಸಿ ಹೊರಟುಹೋದ.

ರಜೆಗೆ ಹೋದಾಗ ಅಕ್ಕ ಪಟ್ಟಿಯ ಮೇಲೆ ಕೈ ಸವರಿ, "ಅಪ್ಪ ಇದ್ದಿದ್ರೆ ಬಸ್ಸಲ್ಲಿ ಸಿಕ್ಕಿದವರಿಗೆಲ್ಲಾ ಹೇಳ್ಕೊಂಡು ಬರ್ತಿದ್ರು" ಎಂದಳು. "ಏನಂತ ಹೇಳ್ತಿದ್ರು, ಅವರ ಹಾಗೇ ಹೇಳೋ."

"ಗಂಟಲು ಸರಿ ಇಲ್ಲ ಅಕ್ಕ."

ಅವಳು ಬಿಸಿನೀರು ಕಾಯಿಸಿ ಉಪ್ಪು ಹಾಕಿ ಕೊಟ್ಟಳು. ಅವಳೆದುರೇ ಮುಕ್ಕಳಿಸಿ ಉಗುಳಿದ. ಮರುದಿನವೂ ಕೊಟ್ಟಳು. ಅದರ ಮರುದಿನ ಅವಳಾಗಿಯೇ ಕೇಳುವುದನ್ನು ಬಿಟ್ಟಳು.

ಪೈಲ್ವಾನನನ್ನು ಸೈನ್ಯದಿಂದ ಕಳಿಸಿಕೊಟ್ಟಿದ್ದರು. ಅವನು ಒಂದು ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿನಲ್ಲಿ ಕೂತಿದ್ದಾನೆಂದು ತಿಳಿದು ರೇಡಿಯೋ ರಜೆ ಮುಗಿಸಿ ಬರುವ ದಾರಿಯಲ್ಲಿ ಅಲ್ಲಿ ಇಳಿದ. ಪೈಲ್ವಾನ ಇನ್ನೂ ದಪ್ಪಗಾಗಿದ್ದ. ಎಡಗೈಯಲ್ಲಿ ಚೀಟಿ ಬರೆಯುವುದನ್ನು ಕಲಿತಿದ್ದ. ಚಹಾ ತರಿಸಿದ. ಪಾರ್ಸೆಲ್ ಬಿಡಿಸಿಕೊಳ್ಳಲು ಬರುವ ಗಿರಾಕಿಗಳ ಕಥೆ ಒಂದಾದ ಮೇಲೊಂದು ಹೇಳಿ ತಾನೇ ನಕ್ಕ.

"ಅವತ್ತು ಕೇಳಿಸಲಿಲ್ಲ ಅಂತ ಯಾಕೆ ಅಂದೆ?" ಎಂದು ರೇಡಿಯೋ ಕೇಳಿದ.

"ಇನ್ಯಾಕೆ? ನಿನ್ನ ದನಿ ಅಂದ್ಕೊಂಡೆ ಅಂತ ಹೇಳಿದ್ರೆ ನಿನ್ನ ಬಾಯಿ ಮುಚ್ಚಿಸ್ತಿದ್ರು. ನೀನಿಲ್ದೆ ಆ ಕೋಣೇಲಿ ಮನುಷ್ಯರು ಇರೋಕಾಗುತ್ತಾ?" ಪೈಲ್ವಾನ ಲೋಟ ಕೆಳಗಿಟ್ಟ. "ಗಡಿಯಾರಂಗೆ ಏಟು ಬೀಳುತ್ತೆ ಅಂತ ಹೊಳೀಲೇ ಇಲ್ಲ ಕಣೋ. ಅವನು ಹೇಗಿದ್ದಾನೆ?"

"ಇದ್ದಾನೆ. ಲಾರಿ ಓಡಿಸ್ತಾನೆ. ಮುಂದಿನ ವರ್ಷ ಮತ್ತೆ ಪಟ್ಟಿಗೆ ಅವನ ಹೆಸರು ಕಳಿಸ್ತೀನಿ."

"ಕೊಡ್ತಾರಾ?"

"ಗೊತ್ತಿಲ್ಲ."

ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಪೈಲ್ವಾನ ಎದ್ದು ಗಟ್ಟಿಯಾಗಿ ಊರುಗಳ ಹೆಸರು ಕೂಗುತ್ತ ಕಟ್ಟುಗಳನ್ನು ಬಾಗಿಲ ಹತ್ತಿರ ಎಳೆದು ಹಾಕತೊಡಗಿದ. ಒಂದು ಪೆಟ್ಟಿಗೆ ಅವನ ಒಂಟಿ ಕೈಗೆ ಬಗ್ಗಲಿಲ್ಲ. ರೇಡಿಯೋ ಅಂಗಿಯ ತೋಳು ಮಡಚಿಕೊಂಡು ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ಬಸ್ಸಿನ ಹಿಂಬದಿಗೆ ಎತ್ತಿ ಹಾಕಿದರು.