ಕೇಳಿ ಮೆಚ್ಚಿದ ಐದು ಸಿನಿಮಾ

ಗೆಳತಿಯರೇ, ನಮ್ಮ ಮಹಿಳಾ ಸಮಾಜದ ಈ ಗೋಡೆಪತ್ರಿಕೆಗೆಂದು ‘ನಾನು ನೋಡಿ ಮೆಚ್ಚಿದ ಐದು ಸಿನಿಮಾ’ ಎಂದು ಬರೆದಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅದು ನನ್ನ ಯಜಮಾನರ ಕೈಗೆ ಸಿಕ್ಕಿತು.

“ಐದು ಸಿನಿಮಾ ಯಾವಾಗ ನೋಡ್ದಿ? ಯಾರ ಜೊತಿಗೆ ಹೋಗಿದ್ದಿ?”

ಹರಿಹರಕ್ಕೆ ಸೊಸೆಯಾಗಿ ಬಂದು ಎಂಟು ವರ್ಷವಾಯಿತು. ನಾನು ಬರೆದದ್ದನ್ನು ಅವರು ಓದಿದ್ದು ಇದೇ ಮೊದಲು. ಓದಿ ಕೇಳಿದ್ದು ಇಷ್ಟು.

“ಎಲ್ಲಿಗೂ ಹೋಗಿಲ್ಲರಿ. ಸಿನಿಮಾ ಟೆಂಟು ನಮ್ಮ ಹಿತ್ತಲ ಹಿಂದೇ ಐತಲ್ಲ. ದಿನಾ ರೊಟ್ಟಿ ಬಡೀತಾ ಕಡೇ ಮಾತಿನ ತನಕ ಕೇಳೀನಿ.”

ಅವರು ನಕ್ಕುಬಿಟ್ಟರು. “ಹಂಗಾರ ‘ನೋಡಿ’ ಅಂತ ಯಾಕ ಬರ್ದಿ? ಸುಳ್ಳು ಬ್ಯಾಡ, ಹೊಡೆದುಹಾಕು.”

‘ನೋಡಿ’ ಹೊಡೆದು ‘ಕೇಳಿ’ ಎಂದು ಬರೆದೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಲಸ ಮುಗಿಸಿ, ಆ ಐದನ್ನೂ ಅಲ್ಲಿನ ಟಾಕೀಸಿನಲ್ಲಿ ಕುರ್ಚಿಯ ಮೇಲೆ ಕೂತು ನೋಡಿಬಂದವರು ಅವರು. ಹೊರಡುವಾಗ ಅಂಗಿಯ ಗುಂಡಿ ಹಾಕುತ್ತಾ ಮೆಲ್ಲಗೆ ಕೇಳಿದರು: “ಆ ಮೂರನೇ ಸಿನಿಮಾದಾಗ ಕಡೀಗೆ ಏನಾತು? ನಂಗ ನಿದ್ದಿ ಹತ್ತಿತ್ತು.”

“ನೋಡದವಳಿಗೆ ಹೆಂಗ ಗೊತ್ತಾಗತೈತ್ರಿ?” ಎಂದು ಒಲೆಯ ಕಡೆ ತಿರುಗಿದೆ.