ಅಣ್ಣನ ಟೂರ್ನಮೆಂಟಿಗೆ ನಾನು ಹೇಳಿದ ಉಪವಾಸ

ಅವರೆಕಾಳು ಹಿತುಕುತ್ತ ಕೂತಿದ್ದೆ. ಶನಿವಾರ, ಮಧ್ಯಾಹ್ನ ಹನ್ನೆರಡರ ಹೊತ್ತು. ಫೋನು ಬಂತು. ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದರೆ ಅರಕಲಗೂಡಿನಿಂದ ಅಣ್ಣನ ಗೆಳೆಯರೊಬ್ಬರು.

"ಅಕ್ಕಾ, ಗಾಬ್ರಿ ಆಗ್ಬ್ಯಾಡಿ. ಆಟ ನಡೀತಾ ಇದ್ದಂಗೇ ನಿಮ್ಮಣ್ಣ ಬಿದ್ಬುಟ್ರು. ಮೈಯೆಲ್ಲಾ ಬೆವ್ರು, ಮಾತು ತೊದಲ್ತದೆ. ಆರ್ಟ್ ಅಟ್ಯಾಕೇ ಇರ್ಬೇಕು ಕಣಕ್ಕ. ಕಾರಲ್ಲಿ ಹಾಸನದ ಆಸ್ಪತ್ರೆಗೆ ಕರ್ಕಂಡೋಯ್ತಾ ಇವ್ನಿ." ಅಷ್ಟು ಹೇಳಿ ಇಟ್ಟುಬಿಟ್ಟರು.

ಅಣ್ಣನದು ಚನ್ನರಾಯಪಟ್ಟಣದಲ್ಲಿ ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಆಟದ ಹಾಲ್, ನಾಲ್ಕು ಟೇಬಲ್ಲಿನದು. ಜನ ಅದನ್ನು ಸ್ನೂಕರ್ ಅಂಗಡಿ ಅನ್ನುತ್ತಿದ್ದರು, ಪೋಲಿಗಳ ಜಾಗ ಅಂತಲೂ ಅನ್ನುತ್ತಿದ್ದರು. ಆ ಹೆಸರು ಅಳಿಸಬೇಕೆಂದೇ ಅವನು ಟೂರ್ನಮೆಂಟು ಶುರುಮಾಡಿದ್ದು. ಹಾಸನ, ಅರಕಲಗೂಡು, ನಮ್ಮ ಹೊಳೆನರಸೀಪುರ, ಎಲ್ಲಿ ಟೇಬಲ್ ಇದ್ದರೆ ಅಲ್ಲಿ. ಪಂದ್ಯದ ದಿನ ಎಲ್ಲರಿಗಿಂತ ಮೊದಲು ಹೋಗಿ ಚೆಂಡೊಂದನ್ನು ಮೆಲ್ಲಗೆ ಉರುಳಿಸಿ ನೋಡುವನು. ಟೇಬಲ್ ವಾಲಿದ ಕಡೆಯ ಕಾಲಿಗೆ ಹಳೇ ಮದುವೆ ಪತ್ರಿಕೆ ಮಡಿಸಿ ಒತ್ತುಕೊಡುವನು. ಅದಕ್ಕೆಂದು ನಮ್ಮ ಮನೆಯ ಪತ್ರಿಕೆಗಳನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದ. ಆಮೇಲೆ ಸಂಜೆಯವರೆಗೂ ಮೈಕು ಹಿಡಿದು ನಿಂತೇ ಇರುವನು.

ಹಿಂದಿನ ಸಲ ನಮ್ಮೂರಲ್ಲೇ ಫೈನಲ್ ಹೊತ್ತಿಗೆ ಎರಡು ಗುಂಪು ಹೊಡೆದಾಡಿಕೊಂಡಿದ್ದವು. ಅರಕಲಗೂಡಿನದು ಸುಸೂತ್ರವಾಗಿ ಆಗಲಿ ಅಂತ ನಾನೇ ಅವನಿಗೆ ಹೇಳಿದ್ದೆ.

"ಶನಿವಾರ ಆಂಜನೇಯಂಗೆ ಉಪವಾಸ ಇರಣ್ಣ. ಬಹುಮಾನ ಕೊಡೋಗಂಟ ಬಾಯ್ಗೆ ಏನೂ ಆಕ್ಬ್ಯಾಡ. ಯಾರ್ಗೂ ಏಳ್ಲೂಬ್ಯಾಡ."

"ನಿಮ್ಮ ಆಂಜನೇಯ ಸ್ನೂಕರ್ ನೋಡ್ತಾನೇನೆ?"

"ನೋಡ್ತಾನೆ. ನೀನು ಕದ್ದು ಬೋಂಡ ತಿಂದ್ರೆ ಅದ್ನೂ ನೋಡ್ತಾನೆ."

ನಕ್ಕು ಒಪ್ಪಿಕೊಂಡ. ಅವನಿಗೆ ಸಕ್ಕರೆ ಕಾಯಿಲೆ. ಫೋನಿಡುವ ಮುಂಚೆ ನಾನೇ ನೆನಪು ಮಾಡಿದ್ದೆ: "ಸುಗರ್ ಮಾತ್ರೆ ಮರೀಬ್ಯಾಡ. ಮಾತ್ರೆಯೇನು ಊಟ ಅಲ್ಲ, ಅದ್ರಿಂದ ವ್ರತ ಕೆಡಲ್ಲ."

ಈಗ ಅದೇ ಮಾತು ಎದೆಗೆ ಬಂದು ಕೂತಿತು. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿಸಿ ಅಣ್ಣನನ್ನು ನಾನೇ ಕೊಂದುಬಿಟ್ಟೆನೇ? ಎದ್ದ ರಭಸಕ್ಕೆ ಕಾಳಿನ ತಟ್ಟೆ ಮಗುಚಿತು.

ಸದ್ದು ಕೇಳಿ ಅತ್ತೆ ಒಳಗಿಂದ ಬಂದರು. ವಿಷಯ ಹೇಳಿದೆ. "ಬೆಳಿಗ್ಗೆ ಏನು ತಿಂದಿದ್ನವ್ವ?" ಅಂದರು.

"ತಿಂದಿರ್ತಾನೆ ಅತ್ತೆ" ಅಂದೆ. ದೇವರ ಮನೆಯ ಬಾಗಿಲಲ್ಲೇ ನಿಂತು ಸುಳ್ಳು ಹೇಳಿದೆ, ಭಯಕ್ಕೆ.

ಆದರೆ ಅವನ ಉಪವಾಸ ನನ್ನೊಬ್ಬಳಿಗೇ ಗೊತ್ತು. ಕಾರಿನಲ್ಲಿದ್ದವರು ಹೃದಯದ ತೊಂದರೆ ಅಂದುಕೊಂಡು ಹಾಸನದವರೆಗೂ ಹಾಗೇ ಹೋದರೆ? ಅತ್ತೆಯ ಎದುರೇ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಇಲ್ಲ. ಮೂರನೇ ಸಲ ಎತ್ತಿದರು.

"ಅವ್ನು ಏನೂ ತಿಂದಿಲ್ಲ ಕಣಣ್ಣ. ಉಪವಾಸ. ನಾನೇ ಏಳಿದ್ದೆ. ಸುಗರ್ ಮಾತ್ರೆ ಮಾತ್ರ ನುಂಗವ್ನೆ."

"ಎಲ್ಲಾರ್ಗೂ ಇಡ್ಲಿ ಕೊಡ್ಸುದ್ರಲ್ಲಕ್ಕ, ಅವ್ರೂ ತಿಂದವ್ರೆ ಅಂದ್ಕಂಡಿದ್ವಿ. ಗೊರೂರು ಬಂತು, ಇಲ್ಲೇ ಆಸ್ಪತ್ರೇಲಿ ತೋರುಸ್ತೀವಿ."

ಅತ್ತೆ ನನ್ನ ಮುಖ ನೋಡಿದರು, ಬಯ್ಯಲಿಲ್ಲ. ಅವತ್ತಿನ ಮೊದಲನೇ ದಯೆ ಅದು. ಗೊರೂರು ದಾರಿಯಲ್ಲೇ ಸಿಕ್ಕಿದ್ದು ಎರಡನೆಯದು. ಮುಂದಿನ ಮುಕ್ಕಾಲು ಗಂಟೆ ಹೇಗೆ ಕಳೆಯಿತೋ ಗೊತ್ತಿಲ್ಲ. ದೇವರ ಮುಂದೆ ಕೂತರೂ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅತ್ತಿಗೆಗೆ ಯಾವ ಮುಖ ಹೊತ್ತು ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಮತ್ತೆ ಫೋನು ಬಂತು. ಅಣ್ಣನದೇ ದನಿ, ಬಳಲಿದ ದನಿ.

"ವ್ರತ ಕೆಡ್ತು ಕಣೆ. ನರಕ್ಕೇ ಗ್ಲೂಕೋಸ್ ಬಿಟ್ಟವ್ರೆ. ಇದು ಊಟದ ಲೆಕ್ಕಕ್ಕೆ ಬತ್ತದಾ, ನಿಮ್ಮ ಆಂಜನೇಯನ್ನ ಕೇಳು."

ನನಗೆ ನಗು ಬರಲಿಲ್ಲ. "ತಪ್ಪಾಯ್ತಣ್ಣ" ಅಂದೆ.

"ನೀನು ಫೋನ್ ಮಾಡಿ ಏಳಿದ್ದಕ್ಕೇ ಉಳ್ಕಂಡೆ, ಬಿಡು. ಅಲ್ಲಿ ಆಟ ನಿಲ್ಸವ್ರೋ ಏನೋ, ಮುಗುಸ್ರಪ್ಪಾ ಅಂತ ಏಳ್ಬೇಕು."

ಅದಾದ ಮೇಲೆ ಅಣ್ಣ ಆರು ವರ್ಷ ಇದ್ದ. ನಾನು ಇನ್ನು ಯಾರಿಗೂ ಉಪವಾಸ ಹೇಳಲಿಲ್ಲ. ಇವತ್ತಿಗೂ ಮಧ್ಯಾಹ್ನ ಫೋನು ಬಂದರೆ ಎದೆ ಧಸಕ್ಕೆನ್ನುತ್ತದೆ.

ಅವತ್ತು ಫೋನಿಟ್ಟ ಮೇಲೆ ಅತ್ತೆ ಕೇಳಿದರು, "ನೀನೂ ಬೆಳಿಗ್ಗೆಯಿಂದ ಉಪವಾಸಾನೇ ಇದ್ದೀಯಾ?"

ಹೌದೆಂದು ತಲೆಯಾಡಿಸಿದೆ.

"ಎದ್ದು ಏನಾರ ಮಾಡ್ಕಂಡು ತಿನ್ನವ್ವ. ಒಬ್ಬರು ಬಿದ್ದಿದ್ದು ಸಾಕು."

ಅಡುಗೆಮನೆಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯಲು ಬಾಣಲೆ ಇಟ್ಟೆ.