ಬಾಣಂತಿ ಕೋಣೆಯ ಜ್ವರ

ಹೆರಿಗೆಯಾಗಿ ತವರಿಗೆ ಬಂದಾಗ ಅವ್ವ ನನ್ನನ್ನೂ ಮಗಳನ್ನೂ ಹಿಂದಿನ ಕೋಣೆಗೆ ಸೇರಿಸಿದಳು. ಶ್ರೀರಾಂಪುರದ ನಮ್ಮ ಮನೆಯಲ್ಲಿ ಗಾಳಿಯಾಡದ ಕೋಣೆ ಅದೊಂದೇ. ಬಾಣಂತಿಗೆ ಅದೇ ಸರಿ ಎಂದು ಕಿಟಕಿಯ ಸಂದಿಗೂ ಹಳೇ ಸೀರೆ ತುರುಕಿದ್ದಳು. ಮಂಚದ ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಹೆಂಚು. ನಡುವೆ ಬಾವಲಿಗಳಿದ್ದವು. ಹಲಗೆಗಳ ನಡುವಿನಿಂದ ಹಿಕ್ಕೆ ಉದುರುತ್ತಿತ್ತು.

ಮೊದಲ ಸಲ ಜ್ವರ ಬಂದಾಗ ತಲೆ ಸಿಡಿಯಿತು, ಮೀನಖಂಡ ಮುಟ್ಟಲಾಗದಷ್ಟು ನೋಯಿತು. "ಶೀತ ಆಗೈತೆ, ಬಾಗ್ಲು ತೆಗೀಬ್ಯಾಡ" ಎಂದು ಅವ್ವ ಇನ್ನೊಂದು ಕಂಬಳಿ ಹೊದಿಸಿದಳು. ಬೆವತು ಜ್ವರ ಬಿಟ್ಟಿತು. ವಾರ ಕಳೆದ ಮೇಲೆ ಮತ್ತೆ ಬಂತು. ಊರಿನ ಡಾಕ್ಟರು ಕೊಟ್ಟ ಮಾತ್ರೆ ನುಂಗಿದೆ. ಬಿಟ್ಟಿತು, ಮತ್ತೆ ಬಂತು. ಬಿಟ್ಟ ದಿನಗಳಲ್ಲೇ ನನಗೆ ಹೆಚ್ಚು ಭಯ. ಮಗಳನ್ನು ತಬ್ಬಿಕೊಂಡು ನನ್ನ ಮೈ ಬಿಸಿಯಾಗುವುದನ್ನೇ ಕಾಯುತ್ತಿದ್ದೆ.

"ಪಡಸಾಲೇಲಿ ಮಲಗ್ತೀನವ್ವ."

"ಬಾಣಂತನ ಮುಗೀಲಿ. ನೋಡಿದೋರು ಏನಂದಾರು?"

ಒಂದು ಬೆಳಿಗ್ಗೆ ಮಗಳ ಬಟ್ಟೆ ಬದಲಿಸುವಾಗ ಮಡಿಕೆಯಲ್ಲಿ ರಕ್ತ ಹೀರುವ ಚಪ್ಪಟೆಯಾದ ಕಂದು ಉಣುಗು ಸಿಕ್ಕಿತು. ನಮ್ಮದು ಕುರಿ ಸಾಕುವ ಮನೆ, ಉಣುಗು ಹೊಸದಲ್ಲ. ಆದರೆ ಕುರಿಹಟ್ಟಿ ಊರಾಚೆ ಇತ್ತು. ತಲೆಯೆತ್ತಿ ಅಟ್ಟ ನೋಡಿದೆ. ಆಗಲೇ ನನ್ನ ಮೈ ಮತ್ತೆ ಕಾಯತೊಡಗಿತ್ತು. ಮಗಳನ್ನೆತ್ತಿಕೊಂಡು ಹೊರಟರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಕೂಸಿನ ಬಟ್ಟೇಲಿತ್ತು, ನೋಡವ್ವ."

ಅವ್ವ ಬಗ್ಗಿ ಉಣುಗನ್ನು ನೋಡಿದಳು. ಪಕ್ಕಕ್ಕೆ ಸರಿದು, ಅಣ್ಣನನ್ನು ಕೂಗಿದಳು.

ಅಣ್ಣ ಕರೆದೊಯ್ದ ಹೊಸದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಜ್ವರ ಏರಿದ್ದಾಗಲೇ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಸ್ಪ್ರಿಂಗಿನಂತೆ ಸುರುಳಿಯಾದ ಬ್ಯಾಕ್ಟೀರಿಯಾ ಇದ್ದವು. "ಬಿಟ್ಟು ಬಿಟ್ಟು ಜ್ವರ ಬರೋದು ಇವುಗಳಿಂದ, ಉಣುಗು ಕಚ್ಚಿ ಮೈಗೆ ಸೇರ್ತವೆ. ಬಾವಲಿ ಮೈಮೇಲಿನ ಉಣುಗಲ್ಲೂ ಇಂಥವು ಇರ್ತವೆ. ನಿಮಗೆ ಅಲ್ಲಿಂದಲೇ ಬಂತು ಅಂತ ಖಾತ್ರಿ ಹೇಳೋಕಾಗಲ್ಲ. ಆ ಕೋಣೆಗಂತೂ ಹೋಗಬ್ಯಾಡ್ರಿ" ಎಂದರು. ಮಗಳ ರಕ್ತದಲ್ಲಿ ಏನೂ ಕಾಣಲಿಲ್ಲ.

ಔಷಧಿ ಒಳಹೋದ ಮೇಲೆ ಹಲ್ಲು ಕಟಕಟಿಸುವಷ್ಟು ಚಳಿ ಹಿಡಿಯಿತು. ಸಾಯುತ್ತೇನೆಂದೇ ಅಂದುಕೊಂಡೆ. ರೋಗಾಣು ಸಾಯುವಾಗ ಹಾಗಾಗುತ್ತದೆ ಎಂದು ನರ್ಸು ಕೈ ಹಿಡಿದು ಕೂತಳು. ಸಂಜೆಗೆ ಇಳಿಯಿತು.

ಅಣ್ಣ ಆ ಕೋಣೆಗೆ ಬೀಗ ಹಾಕಿದ. ಪಡಸಾಲೆಯಲ್ಲಿ ಪರದೆ ಕಟ್ಟಿ ನಮಗೆ ಜಾಗ ಮಾಡಿದರು. ಯಾರಾದರೂ ಕೇಳಿದರೆ ಅವ್ವ, "ಒಳಗೆ ಸೆಕೆ ಅಂತೆ" ಎನ್ನುತ್ತಿದ್ದಳು. ಜ್ವರ ಮತ್ತೆ ಬರಲಿಲ್ಲ. ಬರುವುದಿಲ್ಲ ಎಂದು ನಂಬಲು ನನಗೆ ವರ್ಷವೇ ಹಿಡಿಯಿತು.